ಗಡಿಯಾರ ಹಿಂದೆ ಹೋದ ದಿನ: ಕುಶಾಲನಗರದ ಒಂದು ಸರ್ವರ್ ಪ್ರಕರಣ

ಜುಲೈ ಕೊನೆಯ ಗುರುವಾರ. ಕಕ್ಕಡದ ಮಳೆ ಬಿಡದೆ ಸುರಿಯುತ್ತಿತ್ತು. ಬೆಳಿಗ್ಗೆ ಒಂಬತ್ತೂ ಕಾಲಿಗೆ ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ, ಅಂದರೆ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಿಂದ, ಫೋನ್ ಬಂತು. ಅಲ್ಲಿನ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಬಿಲ್ಲಿಂಗ್ ನೋಡುವ ಅಕ್ಕ ಮಾತಾಡಿದರು.

"ಸರ್, ಕರೆಂಟ್ ಬಂತು. ಸರ್ವರ್ ಕೂಡ ಆನ್ ಆಗಿದೆ. ನಮ್ಮ ಬಿಲ್ಲಿಂಗ್ ಓಪನ್ ಆಗ್ತದೆ. ಇ-ವೇ ಬಿಲ್ ಸೈಟ್ ಮಾತ್ರ ಬರ್ತಾ ಇಲ್ಲ. ಲಾರಿ ಲೋಡ್ ಆಗಿ ಗೇಟಲ್ಲಿ ನಿಂತಿದೆ."

ಲಾರಿ ಮಂಗಳೂರಿಗೆ ಹೋಗಬೇಕಿತ್ತು. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚಿನ ಸರಕು ಇ-ವೇ ಬಿಲ್ (ಜಿಎಸ್‌ಟಿ ಸೈಟಿನಲ್ಲಿ ಮಾಡುವ ಸಾಗಣೆ ದಾಖಲೆ) ಇಲ್ಲದೆ ಗೇಟು ದಾಟುವ ಹಾಗಿಲ್ಲ. ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ರಾಜ್ಯದ ಒಳಗಿನ ಸಾಗಣೆಗೂ ಇದು ಬೇಕು. ಇನ್ನೊಂದು ಕಡೆ ಸಂಪಾಜೆ ಘಾಟಿ. ಮಳೆಗಾಲದಲ್ಲಿ ಅಲ್ಲಿ ಯಾವಾಗ ಮಣ್ಣು ಜಾರುತ್ತದೆ, ಯಾವಾಗ ಭಾರಿ ವಾಹನ ನಿಲ್ಲಿಸುತ್ತಾರೆ ಅಂತ ಹೇಳೋಕೆ ಆಗದು. ಲಾರಿ ಎಷ್ಟು ಬೇಗ ಹೊರಟರೆ ಅಷ್ಟು ಒಳ್ಳೆಯದು ಅಂತ ಎಲ್ಲರಿಗೂ ಗೊತ್ತಿತ್ತು.

ಆ ದಿನ ನಡೆದದ್ದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಕಾರಣ ತೀರಾ ಸಣ್ಣದು, ಒಂದು ಬ್ಯಾಟರಿ. ಆದರೆ ಅದು ಮೂರು ನೆಟ್‌ವರ್ಕ್ ಸೇವೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಗಂಟು ಹಾಕಿತ್ತು. ಕೊಡಗಿನಂಥ ಜಾಗದಲ್ಲಿ, ದಿನಗಟ್ಟಲೆ ಕರೆಂಟ್ ಹೋಗುವ ಕಡೆ ಸರ್ವರ್ ಇಟ್ಟುಕೊಂಡಿರುವ ಯಾರಿಗಾದರೂ ಇದು ಆಗಬಹುದು.

ಅಲ್ಲಿ ಇದ್ದ ವ್ಯವಸ್ಥೆ

ಕಚೇರಿಯಲ್ಲಿ ಎರಡು ಸರ್ವರ್ ಇವೆ. ಒಂದರಲ್ಲಿ ಬಿಲ್ಲಿಂಗ್ ಮತ್ತು ಅದರ ಡೇಟಾಬೇಸ್. ಯಾವ ಪ್ಲಾಂಟರ್ ಎಷ್ಟು ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಕೊಟ್ಟರು, ಎಷ್ಟು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಕೊಟ್ಟರು, ಔಟ್‌ಟರ್ನ್, ಅಂದರೆ ಅದರಿಂದ ಸಿಕ್ಕ ಶುದ್ಧ ಬೀಜ, ಎಷ್ಟು ಬಂತು, ಎಲ್ಲ ಲೆಕ್ಕ ಅದರಲ್ಲಿ. ಇನ್ನೊಂದು ಲಿನಕ್ಸ್ ಸರ್ವರ್. ನೆಟ್‌ವರ್ಕ್‌ನ ಕೆಲಸವೆಲ್ಲ ಅದರ ತಲೆಯ ಮೇಲೆ. ಸೈಟು, ಸರ್ವರ್‌ಗಳ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ಗೆ ಬೈಂಡ್ ಅನ್ನುವ ಸಾಫ್ಟ್‌ವೇರ್. ಕಂಪ್ಯೂಟರ್, ಪ್ರಿಂಟರ್, ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ. ಎಲ್ಲರ ಗಡಿಯಾರ ಸರಿ ಇಡುವ ಎನ್‌ಟಿಪಿಗೆ ಕ್ರೋನಿ ಅನ್ನುವ ಸಾಫ್ಟ್‌ವೇರ್. ಗೋಣಿಕೊಪ್ಪದ ಡಿಪೋಗೆ ವೈರ್‌ಗಾರ್ಡ್ ಸುರಂಗ, ಅಂದರೆ ಇಂಟರ್ನೆಟ್ ಮೇಲೆ ಹೋಗುವ ಖಾಸಗಿ ಸಂಪರ್ಕ. ಎಲ್ಲ ಸೇರಿ ಸುಮಾರು ನಲವತ್ತು ಸಾಧನಗಳು.

ಮಂಗಳವಾರ ರಾತ್ರಿ ಎಲ್ಲೋ ಮರ ಬಿದ್ದು ಲೈನ್ ಹೋಗಿತ್ತು. ಕುಶಾಲನಗರದಲ್ಲಿ ಮಡಿಕೇರಿ, ಭಾಗಮಂಡಲದಷ್ಟು ಮಳೆ ಇಲ್ಲ. ಆದರೂ ಗುಡ್ಡದ ಕಡೆ ಗಾಳಿ ಎದ್ದರೆ ಇಲ್ಲಿಯೂ ಕತ್ತಲೆಯೇ. ಬುಧವಾರ ಪೂರ್ತಿ ಜನರೇಟರ್ ಓಡಿಸಿದರು. ಸಂಜೆ ಡೀಸೆಲ್ ಉಳಿಸೋಣ ಅಂತ ನಿಲ್ಲಿಸಿದರು. ಯುಪಿಎಸ್ ಸ್ವಲ್ಪ ಹೊತ್ತು ಎಳೆಯಿತು, ಆಮೇಲೆ ಅದೂ ಖಾಲಿ. ಹೀಗೆ ಲಿನಕ್ಸ್ ಸರ್ವರ್ ಸುಮಾರು ಹನ್ನೆರಡು ಗಂಟೆ ಪೂರ್ತಿ ಆಫ್ ಆಗಿತ್ತು. ತಂದು ಇಟ್ಟ ಮೇಲೆ ಅಷ್ಟು ಹೊತ್ತು ಅದು ಕರೆಂಟ್ ಇಲ್ಲದೆ ಕೂತದ್ದು ಅದೇ ಮೊದಲು. ಈ ಮಾತು ಮುಂದೆ ಬೇಕಾಗುತ್ತದೆ.

ತಪ್ಪು ದಾರಿಯಲ್ಲಿ ಎರಡು ಗಂಟೆ

ನಾನು ಮಡಿಕೇರಿಯಲ್ಲಿದ್ದೆ. ಸುಂಟಿಕೊಪ್ಪದ ಮೇಲೆ ಹೋದರೆ ಸುಮಾರು ಮೂವತ್ತು ಕಿಲೋಮೀಟರ್. ಹೊರಡುವ ಮೊದಲು ಫೋನಿನಲ್ಲೇ ನೋಡೋಣ ಅಂದುಕೊಂಡೆ.

ಒಳಗಿನದೆಲ್ಲ ನಡೆಯುತ್ತಿದೆ, ಹೊರಗಿನದು ನಡೆಯುತ್ತಿಲ್ಲ. ಹೀಗಿದ್ದರೆ ಯಾರಿಗಾದರೂ ಮೊದಲು ಅನುಮಾನ ಬರುವುದು ಇಂಟರ್ನೆಟ್ ಲೈನಿನ ಮೇಲೆ. ಮಳೆಗಾಲ ಬೇರೆ. ಫೈಬರ್ ತುಂಡಾಗಿರಬಹುದು ಅಂದುಕೊಂಡು ರೂಟರ್ ಎರಡು ಸಲ ಆಫ್ ಮಾಡಿಸಿ ಆನ್ ಮಾಡಿಸಿದೆ. ಲೈನ್ ಕೊಟ್ಟವರಿಗೆ ಮ್ಯಾನೇಜರ್ ಫೋನ್ ಮಾಡಿದರು. ನಮ್ಮ ಕಡೆಯಿಂದ ಲೈನ್ ಸರಿ ಇದೆ ಅಂತ ಅವರು ಹೇಳಿದರು. ಅವರ ಮಾತು ನಿಜವೇ ಆಗಿತ್ತು.

ಅಷ್ಟರಲ್ಲಿ ಕಚೇರಿಯ ಒಬ್ಬ ಹುಡುಗ ಬಿಲ್ಲಿಂಗ್ ಅಕ್ಕನ ಕಂಪ್ಯೂಟರ್‌ನಲ್ಲಿ ಡಿಎನ್‌ಎಸ್ ವಿಳಾಸ ಬದಲಿಸಿ ಗೂಗಲ್‌ನ 8.8.8.8 ಹಾಕಿದ. ತಕ್ಷಣ ಇ-ವೇ ಬಿಲ್ ಸೈಟ್ ತೆರೆಯಿತು. ಎಲ್ಲರಿಗೂ ಖುಷಿ. ಆದರೆ ಈಗ ಬಿಲ್ಲಿಂಗ್ ಹೋಯಿತು! ಬಿಲ್ಲಿಂಗ್ ಸರ್ವರ್‌ನ ಹೆಸರು ನಮ್ಮ ಒಳಗಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತು, ಗೂಗಲ್‌ಗೆ ಹೇಗೆ ಗೊತ್ತಿರುತ್ತದೆ ಅಲ್ವಾ? ಅಕ್ಕನಿಗೆ ಎರಡೂ ಬೇಕು. ಬಿಲ್ಲಿಂಗ್‌ನಿಂದ ಇನ್‌ವಾಯ್ಸ್ ಸಂಖ್ಯೆ ತೆಗೆಯಬೇಕು, ಆಮೇಲೆ ಸೈಟಿನಲ್ಲಿ ತುಂಬಬೇಕು.

ಆ ಹುಡುಗನ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ. ಅವನು ಮಾಡಿದ್ದು ಒಳ್ಳೆಯ ಪರೀಕ್ಷೆ. ಲೈನ್ ಸರಿ ಇದೆ, ತೊಂದರೆ ನಮ್ಮ ಡಿಎನ್‌ಎಸ್‌ನಲ್ಲಿದೆ ಅನ್ನುವುದು ಅದರಿಂದಲೇ ಖಚಿತವಾಯಿತು. ಗೋಣಿಕೊಪ್ಪ ಡಿಪೋದವರೂ ಅದೇ ಹೊತ್ತಿಗೆ ಫೋನ್ ಮಾಡಿ, "ಅಣ್ಣಾ, ನಮಗೆ ಬಿಲ್ಲಿಂಗ್ ಚೆನ್ನಾಗಿ ಬರ್ತದೆ" ಅಂದರು. ಸುರಂಗ ಇಂಟರ್ನೆಟ್ ಮೇಲೆಯೇ ಹೋಗುವುದು. ಅದು ಎದ್ದಿದೆ ಅಂದಮೇಲೆ ಲೈನಿನ ಮಾತು ಅಲ್ಲಿಗೆ ಮುಗಿಯಿತು. ಇದನ್ನು ನಾನು ಮೊದಲೇ ಕೇಳಬೇಕಿತ್ತು. ಡಿಪೋಗೆ ಒಂದು ಫೋನ್ ಮಾಡಿದ್ದರೆ ಆ ಎರಡು ಗಂಟೆ ಉಳಿಯುತ್ತಿತ್ತು.

ಲಾಗ್‌ನ ಒಂದು ಸಾಲು

ಹನ್ನೊಂದೂವರೆಗೆ ಕಚೇರಿ ಮುಟ್ಟಿದೆ. ಸರ್ವರ್ ಮುಂದೆ ಕೂತು, ಡಿಎನ್‌ಎಸ್‌ಗೆ ಪ್ರಶ್ನೆ ಕೇಳುವ ಡಿಗ್ ಅನ್ನುವ ಕಮಾಂಡ್‌ನಿಂದ ಸೈಟಿನ ಹೆಸರು ಕೇಳಿದೆ. ಸರ್ವ್‌ಫೇಲ್ ಬಂತು. ಹೆಸರೇ ಇಲ್ಲ ಅನ್ನುವ ಉತ್ತರ ಬೇರೆ ಇರುತ್ತದೆ. ಸರ್ವ್‌ಫೇಲ್ ಅಂದರೆ, ನಾನು ಹುಡುಕಿದೆ ಆದರೆ ನಿನಗೆ ಕೊಡಬಹುದಾದ ಉತ್ತರ ನನ್ನ ಬಳಿ ಇಲ್ಲ ಅಂತ. ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಅದೇ ಪ್ರಶ್ನೆಯನ್ನು ಸಿಡಿ ಅನ್ನುವ ಆಯ್ಕೆ ಸೇರಿಸಿ ಮತ್ತೆ ಕೇಳಿದೆ. ಸಹಿ ಪರೀಕ್ಷೆ ಮಾಡಬೇಡ, ಸುಮ್ನೆ ಸಿಕ್ಕಿದ್ದನ್ನು ಕೊಡು ಅಂತ ಅದರ ಅರ್ಥ. ಈಗ ವಿಳಾಸ ಬಂತು. ಅಲ್ಲಿಗೆ ಡಿಎನ್‌ಎಸ್‌ಸೆಕ್ ಹತ್ತಿರ ಬಂದು ನಿಂತೆವು.

ಇದರ ಬಗ್ಗೆ ಎರಡು ಮಾತು ಬೇಕು. ಡಿಎನ್‌ಎಸ್ ಉತ್ತರವನ್ನು ದಾರಿಯಲ್ಲಿ ಯಾರಾದರೂ ಬದಲಿಸಿದರೆ ಗೊತ್ತಾಗಲಿ ಅಂತ ಉತ್ತರದ ಜೊತೆ ಡಿಜಿಟಲ್ ಸಹಿ ಇರುತ್ತದೆ. ಇಂಟರ್ನೆಟ್‌ನ ಹೆಸರುಗಳ ಬೇರಿಗೇ, ಅಂದರೆ ರೂಟ್ ವಲಯಕ್ಕೆ, 2010ರ ಜುಲೈನಲ್ಲಿ ಸಹಿ ಬಂತು. ಪ್ರತಿ ಸಹಿಗೂ ಒಂದು ಶುರುವಿನ ಸಮಯ, ಒಂದು ಕೊನೆಯ ಸಮಯ ಇದೆ. ರೂಟ್‌ನಲ್ಲಿ ಈ ಅವಧಿ ಬರೀ ಕೆಲವು ವಾರ. ಬೈಂಡ್ ಉತ್ತರ ಪಡೆದಾಗ ಬೇರಿನಿಂದ ಶುರುಮಾಡಿ ಒಂದೊಂದೇ ಸಹಿ ನೋಡಿಕೊಂಡು ಕೆಳಗೆ ಬರುತ್ತದೆ. ಇವತ್ತಿನ ಸಮಯ ಆ ಅವಧಿಯ ಒಳಗೆ ಇದೆಯಾ ಅಂತಲೂ ನೋಡುತ್ತದೆ. ಇವತ್ತು ಅಂದರೆ ಸರ್ವರ್‌ನ ಗಡಿಯಾರ ಹೇಳುವ ಇವತ್ತು.

ಬೈಂಡ್‌ನ ಲಾಗ್, ಅಂದರೆ ಅದು ತನ್ನ ಕೆಲಸವನ್ನು ಬರೆದಿಡುವ ಫೈಲ್, ತೆರೆದೆ. ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು. ಅದರ ಅರ್ಥ ಇಷ್ಟು: ಸಹಿಯ ಅವಧಿ ಇನ್ನೂ ಶುರುವಾಗಿಲ್ಲ.

ಅವಧಿ ಮುಗಿದಿದೆ ಅಂದಿದ್ದರೆ ಬೇರೆಯವರ ತಪ್ಪಿರಬಹುದು ಅಂದುಕೊಳ್ಳಬಹುದಿತ್ತು. ಇನ್ನೂ ಶುರುವಾಗಿಲ್ಲ ಅಂದರೆ ನಾವೇ ಹಿಂದೆ ಇದ್ದೇವೆ ಅಂತ ಅರ್ಥ. ದಿನಾಂಕ ನೋಡಿದೆ. ಸರ್ವರ್ ಮೂರು ವರ್ಷ ಹಿಂದಿನ ಒಂದು ದಿನದಲ್ಲಿ ಕೂತಿತ್ತು. ನಿಜ ಹೇಳಬೇಕೆಂದರೆ ಲಾಗ್‌ನ ಪ್ರತಿ ಸಾಲಿನ ಎಡಗಡೆ ಆ ದಿನಾಂಕ ಇತ್ತು. ಸಂದೇಶ ಓದುವ ಗಡಿಬಿಡಿಯಲ್ಲಿ ಕಣ್ಣು ಅಲ್ಲಿಗೆ ಹೋಗಲೇ ಇಲ್ಲ.

ಮದರ್‌ಬೋರ್ಡ್ ಮೇಲೆ ಒಂದು ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್2032 ಅಂತ, 3 ವೋಲ್ಟ್‌ನದು. ಕರೆಂಟ್ ಪೂರ್ತಿ ಇಲ್ಲದಾಗ ಗಡಿಯಾರ ಓಡುವುದು ಅದರ ಮೇಲೆ. ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು ಬೋರ್ಡ್ ಆ ಕರೆಂಟ್‌ನಿಂದಲೇ ಗಡಿಯಾರ ಓಡಿಸುತ್ತದೆ, ಸರ್ವರ್ ಆಫ್ ಇದ್ದರೂ ಕೂಡ. ಹಾಗಾಗಿ ಯುಪಿಎಸ್ ಮೇಲೆ ವರ್ಷಗಟ್ಟಲೆ ಓಡುವ ಸರ್ವರ್‌ನಲ್ಲಿ ಬ್ಯಾಟರಿ ಸತ್ತರೂ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಹನ್ನೆರಡು ಗಂಟೆಯ ಕತ್ತಲೆ ಅದನ್ನು ಹೊರಗೆ ಹಾಕಿತು. ಮೀಟರ್ ಇಟ್ಟು ನೋಡಿದಾಗ ಎರಡು ವೋಲ್ಟ್ ಕೂಡ ಇರಲಿಲ್ಲ. ಬೋರ್ಡ್‌ನ ಗಡಿಯಾರ ಕಾರ್ಖಾನೆಯ ದಿನಾಂಕಕ್ಕೆ ಹೋಗಿತ್ತು. ಅದು ಮೂರು ವರ್ಷಕ್ಕಿಂತಲೂ ಹಿಂದಿನದು. ಲಿನಕ್ಸ್‌ನಲ್ಲಿ ಎಲ್ಲ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ತಾನು ತಯಾರಾದ ದಿನಕ್ಕಿಂತ ಹಿಂದಿನ ಸಮಯವನ್ನು ಒಪ್ಪುವುದಿಲ್ಲ, ಗಡಿಯಾರವನ್ನು ಆ ದಿನಕ್ಕೆ ತಂದು ನಿಲ್ಲಿಸುತ್ತದೆ. ಆ ಮೂರು ವರ್ಷದ ಲೆಕ್ಕ ಬಂದದ್ದು ಹೀಗೆ.

ಕ್ರೋನಿ ಇತ್ತಲ್ಲ, ಅದು ಯಾಕೆ ಸರಿ ಮಾಡಲಿಲ್ಲ?

ಈ ಪ್ರಕರಣದ ನಡುಗಂಟು ಇದೇ. ಕ್ರೋನಿಗೆ ನಾನು ಕೊಟ್ಟಿದ್ದು ಸಮಯ ಸರ್ವರ್‌ಗಳ ಹೆಸರು. ಹೆಸರನ್ನು ವಿಳಾಸ ಮಾಡಿಕೊಡಬೇಕಾದ್ದು ಬೈಂಡ್. ಬೈಂಡ್ ಉತ್ತರ ನಂಬಬೇಕಾದರೆ ಸಮಯ ಸರಿ ಇರಬೇಕು. ಸಮಯ ಸರಿ ಮಾಡಬೇಕಾದ್ದು ಕ್ರೋನಿ. ಕ್ರೋನಿಗೆ ಹೆಸರು ಸಿಗುತ್ತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದರು. ಹಾಗೇ ಬಿಟ್ಟಿದ್ದರೆ ಇವತ್ತಿಗೂ ಕಾಯುತ್ತಲೇ ಇರುತ್ತಿದ್ದರು.

ಆ ಹೆಸರಿನ ಕೊನೆಯ ವಲಯಕ್ಕೆ ಸಹಿ ಇಲ್ಲದಿದ್ದರೂ ಇದು ತಪ್ಪುವುದಿಲ್ಲ. ಇಲ್ಲಿಂದ ಕೆಳಗೆ ಸಹಿ ಇಲ್ಲ ಅನ್ನುವ ಮಾತಿಗೂ ಮೇಲಿನವರ ಸಹಿ ಬೇಕು. ಆ ಸಹಿಯೇ ಇನ್ನೂ ಶುರುವಾಗಿಲ್ಲವಲ್ಲ.

ಒಳಗಿನ ಹೆಸರುಗಳು ನಡೆದದ್ದು ಯಾಕೆ ಅನ್ನುವುದೂ ಈಗ ಸ್ಪಷ್ಟ. ಅವು ಬೈಂಡ್‌ನದೇ ಸ್ವಂತ ವಲಯ. ತನ್ನ ಮನೆಯ ಉತ್ತರಕ್ಕೆ ಅದು ಸಹಿ ಪರೀಕ್ಷೆ ಮಾಡುವುದಿಲ್ಲ. ನಮ್ಮನ್ನು ಲೈನಿನ ಕಡೆ ಓಡಿಸಿದ್ದು ಈ ಗುಣ.

ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವುದು ಒಂದೇ. ಸಹಿ ಪರೀಕ್ಷೆಯನ್ನೇ ಆಫ್ ಮಾಡಿಬಿಡುತ್ತಾರೆ. ಒಂದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ, ಆಮೇಲೆ ಅದನ್ನು ಮತ್ತೆ ಆನ್ ಮಾಡಲು ಯಾರಿಗೂ ನೆನಪಿರುವುದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಹಣದ ವ್ಯವಹಾರ ನಡೆಯುವ ಕಚೇರಿಯಲ್ಲಿ ಆ ಪರೀಕ್ಷೆ ಇರಲೇಬೇಕು. ಅದು ಅವತ್ತು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ನನ್ನ ಫೋನಿನ ಸಮಯ ನೋಡಿ ಸರ್ವರ್‌ನಲ್ಲಿ ಕೈಯಿಂದ ಹಾಕಿದೆ. ಬೈಂಡ್, ಕ್ರೋನಿ ಎರಡನ್ನೂ ಮತ್ತೆ ಶುರುಮಾಡಿದೆ. ಅರ್ಧ ನಿಮಿಷದಲ್ಲಿ ಕ್ರೋನಿಗೆ ಸಮಯ ಸರ್ವರ್‌ಗಳು ಸಿಕ್ಕವು. ಉಳಿದ ಸೆಕೆಂಡುಗಳನ್ನು ಅದೇ ಸರಿ ಮಾಡಿತು. ಹನ್ನೆರಡೂ ಇಪ್ಪತ್ತಕ್ಕೆ ಇ-ವೇ ಬಿಲ್ ಆಯಿತು, ಲಾರಿ ಹೊರಟಿತು.

ಮಧ್ಯಾಹ್ನದ ಎರಡನೇ ತೊಂದರೆ

ಇಲ್ಲಿ ನಾನೊಂದು ತಪ್ಪು ಮಾಡಿದ್ದೆ. ಗಡಿಯಾರ ಮುಂದೆ ತಳ್ಳುವ ಮೊದಲು ಡಿಎಚ್‌ಸಿಪಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಎರಡು ಗಂಟೆಗೆ ಲಾರಿ ತೂಗುವ ವೇಬ್ರಿಡ್ಜ್ ಮನೆಯಿಂದ ಕೂಗು ಬಂತು. ತೂಕದ ಚೀಟಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಐಪಿ ವಿಳಾಸ ಇನ್ನೊಬ್ಬರ ಜೊತೆ ಡಿಕ್ಕಿಯಾಗಿದೆ ಅನ್ನುವ ಸೂಚನೆ.

ಅಲ್ಲಿದ್ದದ್ದು ಐಎಸ್‌ಸಿ ಅನ್ನುವ ಸಂಸ್ಥೆಯ ಹಳೆಯ ಡಿಎಚ್‌ಸಿಪಿ ಸರ್ವರ್. ಯಾವ ವಿಳಾಸ ಯಾರಿಗೆ, ಯಾವಾಗಿನವರೆಗೆ ಅಂತ ಅದು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಇಷ್ಟು ಗಂಟೆ ಅಂತ ಬರೆಯುವುದಿಲ್ಲ, ಇಂಥ ದಿನ ಇಂಥ ಗಂಟೆ ಅಂತ ಬರೆಯುತ್ತದೆ. ಬೆಳಿಗ್ಗೆ ಗಡಿಯಾರ ಹಿಂದೆ ಇದ್ದಾಗ ನಲವತ್ತು ಸಾಧನಗಳು ಆನ್ ಆಗಿ ವಿಳಾಸ ಪಡೆದಿದ್ದವು. ಪ್ರತಿಯೊಂದಕ್ಕೂ 24 ಗಂಟೆಯ ಅವಧಿ, ಆದರೆ ಮೂರು ವರ್ಷ ಹಿಂದಿನ ದಿನಾಂಕದಲ್ಲಿ. ಗಡಿಯಾರ ಸರಿಯಾದ ಕ್ಷಣವೇ ಅವೆಲ್ಲ ಮೂರು ವರ್ಷದ ಹಿಂದೆ ಮುಗಿದುಹೋದ ವಿಳಾಸಗಳಾಗಿ ಕಂಡವು. ಕಂಪ್ಯೂಟರ್‌ಗಳ ಲೆಕ್ಕ ಬೇರೆ. ನಮಗೆ 24 ಗಂಟೆ ಸಿಕ್ಕಿದೆ, ಹನ್ನೆರಡು ಗಂಟೆ ಕಳೆದ ಮೇಲೆ ನವೀಕರಿಸಿದರೆ ಸಾಕು ಅಂತ ಅವು ನೆಮ್ಮದಿಯಾಗಿದ್ದವು.

ಇನ್ನೂ ಒಂದು ವಿಷಯವಿದೆ. ಹೊಸಬರು ಬಂದಾಗ ಈ ಸರ್ವರ್ ತುಂಬ ಹಿಂದೆ ಮುಗಿದ ವಿಳಾಸವನ್ನು ಮೊದಲು ಕೊಡುತ್ತದೆ. ಇತ್ತೀಚೆಗೆ ಬಿಟ್ಟು ಹೋದವರು ಮರಳಿ ಬರಬಹುದು, ಅವರ ವಿಳಾಸ ಅವರಿಗೇ ಇರಲಿ ಅಂತ. ಒಳ್ಳೆಯ ಯೋಚನೆ. ಆದರೆ ಅವತ್ತು ತುಂಬ ಹಳೆಯದಾಗಿ ಕಂಡದ್ದು ಬೆಳಿಗ್ಗೆಯಷ್ಟೇ ಕೊಟ್ಟ, ಈಗಲೂ ಬಳಕೆಯಲ್ಲಿದ್ದ ವಿಳಾಸಗಳೇ. ನಮ್ಮಲ್ಲಿ ಹಂಚಲು ಇಟ್ಟ ವಿಳಾಸಗಳೂ ಜಾಸ್ತಿ ಇರಲಿಲ್ಲ. ಊಟಕ್ಕೆ ಬಂದ ಯಾರದೋ ಫೋನ್ ವೈಫೈ ಕೇಳಿತು. ವೇಬ್ರಿಡ್ಜ್ ಕಂಪ್ಯೂಟರ್‌ನ ವಿಳಾಸ ಅದಕ್ಕೆ ಹೋಯಿತು. ಕೊಡುವ ಮೊದಲು ಸರ್ವರ್ ಒಂದು ಪಿಂಗ್ ಹಾಕಿ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಅಂತ ಕೂಗಿ, ನೋಡುತ್ತದೆ. ಆದರೆ ಆ ಕಂಪ್ಯೂಟರ್‌ನ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸುವುದಿಲ್ಲ. ಖಾಲಿ ಇದೆ ಅಂದುಕೊಂಡು ಕೊಟ್ಟುಬಿಟ್ಟಿತು.

ಡಿಎಚ್‌ಸಿಪಿ ನಿಲ್ಲಿಸಿದೆ. ಎಲ್ಲ ಕಂಪ್ಯೂಟರ್, ಪ್ರಿಂಟರ್‌ಗಳ ನೆಟ್‌ವರ್ಕ್ ಕಿತ್ತು, ಡಿಎಚ್‌ಸಿಪಿ ಮತ್ತೆ ಶುರುಮಾಡಿ, ಒಂದೊಂದಾಗಿ ಸೇರಿಸಿದೆವು. ಕೆಲಸದ ಯಂತ್ರಗಳು ಮೊದಲು, ಫೋನ್‌ಗಳು ಕೊನೆಗೆ. ಅಷ್ಟಕ್ಕೆ ಸಂಜೆಯಾಯಿತು.

ಏನು ಬದಲಾಯಿಸಿದೆವು

ಬ್ಯಾಟರಿ ಅವತ್ತೇ ಹಾಕಿದೆವು, ಅದನ್ನು ಬಿಡಿ. ಮುಖ್ಯವಾದದ್ದು ಆ ಗಂಟು ಬಿಡಿಸುವುದು.

ಮೊದಲು ಕ್ರೋನಿ. ಶುರುವಾಗುವಾಗ ಅದಕ್ಕೆ ಎಸ್ ಅನ್ನುವ ಆಯ್ಕೆ ಕೊಡಬಹುದು. ಗಡಿಯಾರ ಎಷ್ಟು ಬೇಗ ಅಥವಾ ನಿಧಾನ ಓಡುತ್ತದೆ ಅಂತ ಕ್ರೋನಿ ಆಗಾಗ ಒಂದು ಡ್ರಿಫ್ಟ್ ಫೈಲಿನಲ್ಲಿ ಬರೆಯುತ್ತಿರುತ್ತದೆ. ಬೋರ್ಡ್‌ನ ಗಡಿಯಾರ ಆ ಫೈಲನ್ನು ಕೊನೆಯ ಸಲ ಬರೆದ ಸಮಯಕ್ಕಿಂತ ಹಿಂದೆ ಇದ್ದರೆ, ಫೈಲಿನ ಸಮಯವನ್ನೇ ಹಿಡಿದು ಹೊರಡುತ್ತದೆ. ಬ್ಯಾಟರಿ ಸತ್ತಿದ್ದರೂ ಆಗ ಮೂರು ವರ್ಷ ಹಿಂದೆ ಹೋಗುವುದಿಲ್ಲ. ಕರೆಂಟ್ ಇಲ್ಲದ ಹೊತ್ತು, ಅದರ ಮೇಲೆ ಒಂದಷ್ಟು, ಅಷ್ಟೇ ಹಿಂದೆ ಇರುತ್ತದೆ. ಇಷ್ಟು ಸುಲಭದ ಏರ್ಪಾಡು ಎಷ್ಟೋ ಕಡೆ ಖಾಲಿ ಬಿದ್ದಿರುವುದನ್ನು ನೋಡಿದ್ದೇನೆ.

ಆಮೇಲೆ ಸಮಯದ ಮೂಲಗಳು. ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿ ಮತ್ತು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳನ್ನು ಹಾಕಿದೆವು. ಈ ಎರಡರಿಂದ ಅಥವಾ ಇವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಂದ ಸಮಯ ತೆಗೆದುಕೊಳ್ಳಬೇಕು ಅಂತ ದೇಶದ ಸೈಬರ್ ಭದ್ರತೆ ನೋಡುವ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಲಾಗ್‌ಗಳನ್ನು 180 ದಿನ ಇಡಬೇಕು ಅಂತಲೂ ಅದರಲ್ಲಿದೆ. ದಿನಾಂಕ ತಪ್ಪಿರುವ ಲಾಗ್ 180 ದಿನ ಇಟ್ಟು ಏನು ಉಪಯೋಗ ಹೇಳಿ. ಇವುಗಳ ಜೊತೆಗೆ ನಮ್ಮ ರೂಟರ್ ಅನ್ನೂ ಒಂದು ಮೂಲ ಮಾಡಿದೆವು, ಹೆಸರಿನಿಂದ ಅಲ್ಲ, ನೇರ ಐಪಿ ವಿಳಾಸದಿಂದ. ರೂಟರ್ ನಮ್ಮ ಬೈಂಡ್ ಅನ್ನು ಕೇಳುವುದಿಲ್ಲ, ಲೈನ್ ಕೊಟ್ಟವರ ಡಿಎನ್‌ಎಸ್ ಕೇಳಿ ತನ್ನ ಸಮಯ ಸರಿಮಾಡಿಕೊಳ್ಳುತ್ತದೆ. ಹೊರಗಿನ ಸಮಯ ಸರ್ವರ್‌ಗಳ ಐಪಿಯನ್ನೇ ಬರೆದಿಡಬಹುದಲ್ಲ ಅಂತ ಕೇಳಬಹುದು. ಆ ವಿಳಾಸಗಳು ಬದಲಾಗುತ್ತವೆ, ನಮಗೆ ಯಾರೂ ತಿಳಿಸುವುದಿಲ್ಲ. ಮನೆಯ ರೂಟರ್‌ನ ವಿಳಾಸ ನಮ್ಮ ಕೈಯಲ್ಲೇ ಇದೆ.

ಬೈಂಡ್‌ನಲ್ಲಿ ಆ ಸಮಯ ಸರ್ವರ್‌ಗಳ ಹೆಸರಿಗೆ ಮಾತ್ರ ಸಹಿ ಪರೀಕ್ಷೆ ಬಿಟ್ಟಿದ್ದೇವೆ. ಉಳಿದ ಎಲ್ಲ ಹೆಸರಿಗೂ ಪರೀಕ್ಷೆ ಇದೆ. ಇದರಲ್ಲಿ ಅಪಾಯವೇ ಇಲ್ಲ ಅಂತ ಹೇಳಲಾರೆ. ಆದರೆ ಕ್ರೋನಿ ಹಲವು ಮೂಲಗಳನ್ನು ಹೋಲಿಸಿ ನೋಡುತ್ತದೆ, ಒಂದೇ ಮೂಲ ಸುಳ್ಳು ಹೇಳಿದರೆ ಪಕ್ಕಕ್ಕೆ ಇಡುತ್ತದೆ.

ಸೇವೆಗಳು ಏಳುವ ಕ್ರಮವನ್ನು ಬಹಳ ಯೋಚಿಸಿ ಇಟ್ಟೆವು. ಡಿಎಚ್‌ಸಿಪಿ ಈಗ ಸಮಯ ಸರಿಯಾಗುವವರೆಗೆ ಕಾಯುತ್ತದೆ. ಬೈಂಡ್ ಕಾಯುವುದಿಲ್ಲ. ಅದೂ ಕಾದರೆ ಮತ್ತೆ ಅದೇ ಗಂಟು! ಡಿಎಚ್‌ಸಿಪಿಯ ಕಾಯುವಿಕೆಗೂ ಒಂದು ಮಿತಿ ಇದೆ. ಇಂಟರ್ನೆಟ್ ಇಲ್ಲದ ದಿನ ಸಮಯ ಸಿಗದಿದ್ದರೂ ಕೆಲವು ನಿಮಿಷದ ಮೇಲೆ ಅದು ಏಳಲೇಬೇಕು. ಇಲ್ಲದಿದ್ದರೆ ಒಳಗಿನ ಬಿಲ್ಲಿಂಗ್ ಕೂಡ ನಿಲ್ಲುತ್ತದೆ. ಮಳೆಗಾಲದಲ್ಲಿ ಇಂಟರ್ನೆಟ್ ಇಲ್ಲದ ದಿನ ಇಲ್ಲಿ ಅಪರೂಪವೇನಲ್ಲ.

ವೇಬ್ರಿಡ್ಜ್ ಮತ್ತು ಪ್ರಿಂಟರ್‌ಗಳಿಗೆ ಖಾಯಂ ವಿಳಾಸ ಕೊಟ್ಟೆವು. ಫೋನ್‌ಗಳನ್ನು ಬೇರೆ ನೆಟ್‌ವರ್ಕ್‌ಗೆ ಹಾಕಿದೆವು. ಡಿಎಚ್‌ಸಿಪಿಯನ್ನು ಐಎಸ್‌ಸಿಯದೇ ಹೊಸ ಸರ್ವರ್ ಕಿಯಾಗೆ ಬದಲಿಸಿದೆವು. ಹಳೆಯದರ ಬೆಂಬಲವನ್ನು ಐಎಸ್‌ಸಿ 2022ರ ಕೊನೆಗೇ ನಿಲ್ಲಿಸಿತ್ತು, ಇದು ಯಾವಾಗಲೋ ಆಗಬೇಕಿದ್ದ ಕೆಲಸ.

ಇವರಲ್ಲಿ ಡೊಮೇನ್ ಲಾಗಿನ್ (ಎಲ್ಲ ಕಂಪ್ಯೂಟರ್‌ಗಳ ಲಾಗಿನ್ ಒಂದೇ ಕಡೆಯಿಂದ ನಡೆಸುವುದು) ಇರಲಿಲ್ಲ, ಅದೊಂದು ಪುಣ್ಯ. ಅದಕ್ಕಾಗಿ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಇರುವ ಕಡೆ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ಆಚೆ ಈಚೆ ಆದರೆ, ಗುರುತು ಪರೀಕ್ಷಿಸುವ ಕರ್ಬೆರೋಸ್ ಸಾಮಾನ್ಯವಾಗಿ ಲಾಗಿನ್ ಒಪ್ಪುವುದಿಲ್ಲ.

ಬ್ಯಾಟರಿ ತೆಗೆದು ನೋಡಿದ ಭಾನುವಾರ

ಕೊಡವರ ಹಬ್ಬ ಕೈಲ್ ಪೊಳ್ದ್‌ಗೆ ಮೊದಲಿನ ಭಾನುವಾರ ಕಚೇರಿಗೆ ರಜೆ. ಮ್ಯಾನೇಜರ್ ಒಪ್ಪಿಗೆ ಕೊಟ್ಟರು. ಬಿಲ್ಲಿಂಗ್ ಅಕ್ಕನೂ ಬಂದರು. ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ನಿಲ್ಲಿಸಿ, ಸರ್ವರ್, ಸ್ವಿಚ್, ರೂಟರ್ ಎಲ್ಲದರ ಪ್ಲಗ್ ಕಿತ್ತೆವು. ಸರ್ವರ್ ಬಿಚ್ಚಿ ಹೊಸ ಬ್ಯಾಟರಿಯನ್ನೇ ಹೊರಗೆ ತೆಗೆದೆ. ಅರ್ಧ ಗಂಟೆ ಬಿಟ್ಟು ಕರೆಂಟ್ ಕೊಟ್ಟೆವು, ಯಾವುದಕ್ಕೂ ಕೈ ಹಾಕಲಿಲ್ಲ.

ಡ್ರಿಫ್ಟ್ ಫೈಲಿನ ಸಮಯದಿಂದ ಕ್ರೋನಿ ಎದ್ದಿತು. ನಲವತ್ತು ನಿಮಿಷ ಮಾತ್ರ ಹಿಂದೆ ಇತ್ತು, ಕ್ಷಣದಲ್ಲಿ ಸರಿಹೋಯಿತು. ಎರಡನೇ ಸಲ ಡ್ರಿಫ್ಟ್ ಫೈಲನ್ನೂ ತೆಗೆದಿಟ್ಟು ನೋಡಿದೆವು. ಈ ಸಲ ಗಡಿಯಾರ ಮತ್ತೆ ವರ್ಷಗಟ್ಟಲೆ ಹಿಂದೆ ಹೋಯಿತು. ಆದರೆ ರೂಟರ್ ಎದ್ದು ಸಮಯ ಪಡೆದ ಮೇಲೆ ಕ್ರೋನಿ ಒಂದೇ ಹೆಜ್ಜೆಗೆ ಈಚೆ ಬಂತು, ಅದರ ಹಿಂದೆ ಡಿಎಚ್‌ಸಿಪಿ ಎದ್ದಿತು. ಎಲ್ಲ ಸೇರಿ ಒಂಬತ್ತು ನಿಮಿಷ. ಅಕ್ಕ ತಮ್ಮ ಕಂಪ್ಯೂಟರ್‌ನಲ್ಲಿ ಬಿಲ್ಲಿಂಗ್ ತೆರೆದರು, ಪಕ್ಕದಲ್ಲಿ ಇ-ವೇ ಬಿಲ್ ಸೈಟ್ ತೆರೆದರು. "ಎರಡೂ ಬಂತು ಸರ್" ಅಂದರು.

ಬ್ಯಾಟರಿ ಮತ್ತೆ ಹಾಕಿ, ಅದರ ತಾರೀಕನ್ನು ರ‍್ಯಾಕ್‌ನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದೆ. ಕರೆಂಟ್ ಬಂದ ಮೇಲೆ ಏನೇನು ನೋಡಬೇಕು ಅಂತ ಅದೇ ಹಾಳೆಯಲ್ಲಿ ಕನ್ನಡದಲ್ಲಿದೆ. ಮೊದಲನೆಯದು ದಿನಾಂಕ, ಎರಡನೆಯದು ಡಿಪೋಗೆ ಒಂದು ಫೋನ್. ಗೋಣಿಕೊಪ್ಪದ ಸಣ್ಣ ಸರ್ವರ್‌ಗೆ ಈ ಪರೀಕ್ಷೆ ಇನ್ನೂ ಆಗಿಲ್ಲ. ಅದೂ ಅಷ್ಟೇ ಹಳೆಯದು. ಮಳೆ ಸ್ವಲ್ಪ ಹೊಳವಾದ ಮೇಲೆ, ಕೊಯ್ಲು ಶುರುವಾಗುವ ಮೊದಲು, ಅಲ್ಲಿಗೆ ಹೋಗುತ್ತೇವೆ.